ಕೇಳಿದವರಿಗೊಂದು ಕಾಲಂ

ನೌಕರಿಗೆ ಸೇರಿದ ಮೊದಲ ವಾರದಲ್ಲಿ ನಾನು ಮಾಡಿದ ಘನಕಾರ್ಯವೆಂದರೆ ಒಂದು ಬೋರ್ಡು ಬರೆಸಿದ್ದು. ಬಿಳಿ ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ‘ಮೌನವಾಗಿರಿ’ ಎಂದು. ಪೇಂಟರ್ ತನ್ನ ಖುಷಿಗೆ ಅದರ ಮೂಲೆಯಲ್ಲಿ ಒಂದು ಗುಲಾಬಿ ಹೂವನ್ನೂ ಬಿಡಿಸಿಬಿಟ್ಟಿದ್ದ. ಮೌನಕ್ಕೂ ಗುಲಾಬಿಗೂ ಏನಪ್ಪ ಸಂಬಂಧ ಎಂದು ಕೇಳಿದರೆ, ಬರೀ ಅಕ್ಷರ ಇದ್ದರೆ ಬೈದ ಹಾಗೆ ಕಾಣುತ್ತದೆ ಎಂದ. ಬೈದ ಹಾಗೆ ಕಾಣಲಿ ಎಂದೇ ನಾನು ಬರೆಸಿದ್ದು ಎಂಬುದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಗುಲಾಬಿ ಸಮೇತ ಅದನ್ನು ತಂದು, ಬಾಗಿಲ ಎದುರಿನ ಗೋಡೆಗೆ ನಾನೇ ಮೊಳೆ ಹೊಡೆದು ತೂಗುಹಾಕಿದೆ.

ಅದು ಕುಷ್ಟಗಿಯ ಪೇಟೆಯ ಹಿಂದಿನ ಓಣಿಯಲ್ಲಿದ್ದ ಸಣ್ಣ ವಾಚನಾಲಯ. ಒಂದು ಪಡಸಾಲೆ, ಎರಡು ಉದ್ದನೆಯ ಮೇಜು, ನಾಲ್ಕು ಬೆಂಚು, ಮೂರು ಕಬ್ಬಿಣದ ಅಲಮಾರು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಹಾಜರಿ ಪುಸ್ತಕ. ಬಂದವರು ಅದರಲ್ಲಿ ಹೆಸರು ಬರೆದು, ಏನು ಓದಿದೆವು ಎಂದು ಒಂದು ಸಾಲು ಬರೆದು, ಸಹಿ ಮಾಡಬೇಕು. ಗ್ರಂಥಪಾಲಕಿ, ಗುಮಾಸ್ತೆ, ಕಸ ಹೊಡೆಯುವವಳು ಎಲ್ಲ ನಾನೇ. ನಮ್ಮೂರು ಅಳವಂಡಿ. ಅಪ್ಪ ಲಾರಿಗೆ ಚೀಲ ಏರಿಸುವ ಹಮಾಲ, ಅವ್ವ ಕೂಲಿಗೆ ಕಳೆ ತೆಗೆಯಲು ಹೋಗುವವಳು. ನಾನು ಕಲಬುರಗಿಗೆ ಹೋಗಿ ಗ್ರಂಥಾಲಯ ವಿಜ್ಞಾನ ಓದಿ, ಜಗತ್ತಿನ ಎಲ್ಲ ಜ್ಞಾನವನ್ನೂ ಹತ್ತು ಭಾಗ ಮಾಡಿ ನಂಬರ್ ಹಚ್ಚುವುದನ್ನು ಕಲಿತು ಬಂದಿದ್ದೆ. ಇಪ್ಪತ್ತನಾಲ್ಕು ವರ್ಷದ ಹುಡುಗಿಗೆ ಅಷ್ಟು ಜ್ಞಾನ ಸಿಕ್ಕರೆ ಏನಾಗುತ್ತದೆ? ಮೂಗಿನ ತುದಿಗೆ ಸಿಟ್ಟು ಬರುತ್ತದೆ. ನನಗೂ ಬಂದಿತ್ತು.

ಸಿಟ್ಟಿಗೆ ಕಾರಣ ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಓಣಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ವರ್ಷಗಟ್ಟಲೆ ಬಸ್ಸಿನ ಗದ್ದಲದ ಮೇಲೆ ಕೂಗಿ ಕೂಗಿ ತಯಾರಾದ ಗಂಟಲು. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಬಂದು, ಬೆಂಚಿನ ತುದಿಗೆ ಕುಳಿತು, ಪೇಪರ್ ಬಿಡಿಸಿ, ಮೊದಲ ಪುಟದಿಂದ ಗಟ್ಟಿಯಾಗಿ ಓದಲು ಶುರು ಮಾಡುವರು. ತಲೆಬರಹಗಳನ್ನು ಸ್ಟಾಪಿನ ಹೆಸರು ಕೂಗಿದ ಹಾಗೆ ಕೂಗುವರು. ಒಂದು ಸುದ್ದಿ ಮುಗಿದು ಇನ್ನೊಂದಕ್ಕೆ ಹೋಗುವ ಮೊದಲು ಬೆರಳಿನಿಂದ ಮೇಜಿನ ಮೇಲೆ ಟಕ್ ಟಕ್ ಎಂದು ಎರಡು ಸಲ ಬಡಿಯುವರು. ಹಾಗೆ ಬಡಿದರೆ ಗಾಡಿ ಮುಂದಕ್ಕೆ ಹೋಯಿತು ಎಂದು ಅರ್ಥ.

ಕೇಳುವುದಕ್ಕೆ ಇಪ್ಪತ್ತು ಇಪ್ಪತ್ತೈದು ಜನ. ಕಾಳಿನ ಪೇಟೆಯ ಹಮಾಲರು, ಕಾಳು ಹಸನು ಮಾಡುವ ಹೆಂಗಸರು, ಬಸ್ಸಿಗೆ ಕಾಯುವ ದಾಳಿಂಬೆ ತೋಟದವರು. ಪೇಟೆಯಲ್ಲಿ ಊಟಕ್ಕೆ ಬಿಡುತ್ತಿದ್ದುದು ಒಂದು ತಾಸು. ಬುತ್ತಿ ಬಿಚ್ಚಿ ಗಬಗಬ ಉಂಡು, ಉಳಿದ ಅರ್ಧ ತಾಸಿಗೆ ಇಲ್ಲಿಗೆ ಓಡಿ ಬರುತ್ತಿದ್ದರು. ಅವರಲ್ಲಿ ಒಬ್ಬಾಕೆ ಯಾವಾಗಲೂ ಹೊಸ್ತಿಲ ಮೇಲೆಯೇ ಕೂಡುವಳು. ನನಗಿಂತ ಐದಾರು ವರ್ಷ ದೊಡ್ಡವಳು, ತಲೆಯ ಸೆರಗಿನ ಮೇಲೆ ಕಡಲೆ ಹೊಟ್ಟು. ಆಕೆಗೆ ಊರ ಸುದ್ದಿ ಬೇಡ, ಹೊರದೇಶದ ಸುದ್ದಿ ಬೇಕು. ಯಾವ ದೇಶದ ಪ್ರಧಾನಿ ಬಿದ್ದ, ಎಲ್ಲಿ ಹಡಗು ಮುಳುಗಿತು, ಎಲ್ಲಿಯ ರಾಣಿ ಹಡೆದಳು, ಅದು. ಕುಷ್ಟಗಿ ತಾಲೂಕಿನ ಸುದ್ದಿ ತನಗೇ ಗೊತ್ತಿರುತ್ತದೆ, ಅದನ್ನು ಪೇಪರಿನವರು ಬಂದು ತನ್ನನ್ನೇ ಕೇಳಬೇಕು ಎನ್ನುತ್ತಿದ್ದಳು. ಕಾಕಾ ಗಂಟಲು ದಣಿದಾಗ ಹೊರದೇಶದ ಪುಟವನ್ನು ಹಾರಿಸುತ್ತಾರೆ ಎಂಬ ಗುಮಾನಿ ಆಕೆಗಿತ್ತು. ಆ ವಿಷಯಕ್ಕೆ ಇಬ್ಬರಿಗೂ ದಿನಾ ತಕರಾರು.

ನನಗೆ ಈ ಸಂತೆ ಕಂಡು ಮೈ ಉರಿಯಿತು. ವಾಚನಾಲಯವೆಂದರೆ ಗುಂಡುಸೂಜಿ ಬಿದ್ದರೆ ಕೇಳಬೇಕು ಎಂದು ನಮಗೆ ಪಾಠ ಮಾಡಿದ್ದರು. ಬೋರ್ಡು ಹಾಕಿದ ಮರುದಿನ ಕಾಕಾ ಬಂದರು, ಕನ್ನಡಕ ಏರಿಸಿ ಬೋರ್ಡನ್ನೂ ಅದರ ಗುಲಾಬಿಯನ್ನೂ ನೋಡಿದರು, ನನ್ನನ್ನು ನೋಡಿದರು. ಕುಳಿತು ಪೇಪರ್ ಬಿಡಿಸಿ ತುಟಿ ಮಾತ್ರ ಅಲ್ಲಾಡಿಸುತ್ತ ಓದಿದರು. ಕೇಳಲು ಬಂದವರು ಐದು ನಿಮಿಷ ಕುಳಿತರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಎದ್ದು ಹೋದರು. ಹೊಸ್ತಿಲ ಮೇಲಿನವಳು ಎಲ್ಲರಿಗಿಂತ ಕೊನೆಗೆ ಎದ್ದಳು. ಯಾವುದೋ ದೇಶದ ರಾಣಿಗೆ ದಿನ ತುಂಬಿದೆ ಎಂಬಲ್ಲಿಗೆ ಹಿಂದಿನ ದಿನದ ಓದು ನಿಂತಿತ್ತು. ವಾರದೊಳಗೆ ಬಾಗಿಲ ಮುಂದಿನ ಚಪ್ಪಲಿ ಗುಡ್ಡೆ ಕರಗಿತು. ಕಾಕಾ ಕೂಡ ಬರುವುದನ್ನು ಬಿಟ್ಟರು. ನನಗೆ ಎಷ್ಟು ಖುಷಿಯಾಯಿತೆಂದರೆ, ಅವ್ವನಿಗೆ ಪತ್ರ ಬರೆದು ಇಲ್ಲಿ ಎಲ್ಲ ಶಿಸ್ತಿಗೆ ಬಂದಿದೆ ಎಂದು ತಿಳಿಸಿದೆ. ಆ ಪತ್ರವನ್ನು ಅವ್ವನಿಗೆ ಯಾರೋ ಗಟ್ಟಿಯಾಗಿ ಓದಿ ಹೇಳಿರಬೇಕು ಎಂಬುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ತಿಂಗಳು ಕಳೆದ ಮೇಲೆ ಮೇಲಿನ ಕಚೇರಿಯಿಂದ ಒಂದು ಕಾಗದ ಬಂತು. ಈ ವಾಚನಾಲಯದ ಹಾಜರಿ ದಿನಕ್ಕೆ ಏಳೆಂಟು ಸಹಿಗಿಂತ ಹೆಚ್ಚಿಲ್ಲ. ಮೂರು ತಿಂಗಳಲ್ಲಿ ಸುಧಾರಿಸದಿದ್ದರೆ ಇದನ್ನು ಮುಚ್ಚಿ, ಪತ್ರಿಕೆ, ಪುಸ್ತಕ ಮತ್ತು ಸಿಬ್ಬಂದಿಯನ್ನು ಊರಿನ ಆಚೆ ತುದಿಯ ದೊಡ್ಡ ಗ್ರಂಥಾಲಯಕ್ಕೆ ಸೇರಿಸಲಾಗುವುದು ಎಂದು ಅದರಲ್ಲಿತ್ತು. ಸಿಬ್ಬಂದಿ ಎಂದರೆ ನಾನು. ನನ್ನ ಮೊದಲ ಸ್ವತಂತ್ರ ಕೆಲಸ, ನನ್ನದೇ ಕೀಲಿಕೈ, ನನ್ನದೇ ಮೂರು ಅಲಮಾರು, ಎಲ್ಲ ಹೋಗಿ ಇನ್ನೊಬ್ಬರ ಕೈಕೆಳಗೆ ಕೂಡಬೇಕು. ಅಂದು ಮಧ್ಯಾಹ್ನ ನಾನು ಅತ್ತೆ. ಗದ್ದಲವಿಲ್ಲದ ಪಡಸಾಲೆಯಲ್ಲಿ ಅಳುವುದಕ್ಕೂ ಭಾರಿ ಅನುಕೂಲವಿತ್ತು.

ಆಮೇಲೆ ಸೊಂಟ ಕಟ್ಟಿ ನಿಂತೆ. ಓದುಗರನ್ನು ಹುಡುಕಿಕೊಂಡು ಹಾಸ್ಟೆಲ್ಲಿಗೆ ಹೋದೆ, ಟೇಲರ್ ಅಂಗಡಿಗಳಿಗೆ ಹೋದೆ, ಸಾಲಿ ಮಾಸ್ತರರ ಮನೆಗಳಿಗೆ ಹೋದೆ. ಮೂವರು ಹುಡುಗರು ಬಂದರು. ಫ್ಯಾನಿನ ಕೆಳಗೆ ಪುಸ್ತಕ ದಿಂಬು ಮಾಡಿಕೊಂಡು ಮಲಗಿದರು. ಗೊರಕೆ ಮೌನದಲ್ಲಿ ಬರುತ್ತದೋ ಇಲ್ಲವೋ ಎಂದು ನಾನು ಯೋಚಿಸುತ್ತ ಕುಳಿತೆ. ಯಲಬುರ್ಗಾದಲ್ಲಿ ಕೆಲಸ ಮಾಡುತ್ತಿದ್ದ ನನ್ನ ಗೆಳತಿಯೊಬ್ಬಳು, ನಾಲ್ಕು ಬಣ್ಣದ ಪೆನ್ನು ತಗೊಂಡು ನೀನೇ ಸಹಿ ಹಾಕಿಬಿಡು, ಯಾರು ನೋಡ್ತಾರೆ ಎಂದು ಉಪದೇಶ ಮಾಡಿದಳು. ಸುಳ್ಳು ಹೇಳುವುದಿಲ್ಲ, ಪೆನ್ನು ಕೊಂಡು ತಂದೆ. ಹಸಿರು ಶಾಯಿಯ ಮುಚ್ಚಳ ತೆಗೆದೂ ಆಗಿತ್ತು. ಯಾರ ಹೆಸರು ಬರೆಯಲಿ ಎಂದು ಹಿಂದಿನ ಪುಟಗಳನ್ನು ತಿರುವುತ್ತ ಹೋದಾಗ ಒಂದು ವಿಚಿತ್ರ ಕಂಡಿತು.

ನಾನು ಬರುವ ಮುಂಚೆಯೂ, ಅಂದರೆ ಇಪ್ಪತ್ತೈದು ಜನ ತುಂಬಿ ತುಳುಕುತ್ತಿದ್ದ ದಿನಗಳಲ್ಲೂ, ಹಾಜರಿ ಪುಸ್ತಕದಲ್ಲಿ ಏಳೆಂಟೇ ಸಹಿ. ಕಾಕಾನ ಸಹಿ ದಿನಾ ಇದೆ. ಮೂಲೆಯಲ್ಲಿ ಕುಳಿತು ವಾರಪತ್ರಿಕೆ ಓದುವ ನಾಲ್ಕೈದು ಜನರ ಸಹಿ ಇದೆ. ಹೊಸ್ತಿಲ ಮೇಲಿನವಳ ಹೆಬ್ಬೆಟ್ಟು ಒಂದು ದಿನವೂ ಇಲ್ಲ. ಹೆಬ್ಬೆಟ್ಟಿಗೆಂದು ಇಟ್ಟಿದ್ದ ಶಾಯಿ ಪ್ಯಾಡು ಪ್ಯಾಕೆಟ್ಟಿನಲ್ಲೇ ಒಣಗಿ ಹಪ್ಪಳವಾಗಿತ್ತು. ನಾನು ಹಸಿರು ಪೆನ್ನಿನ ಮುಚ್ಚಳ ಹಾಕಿ, ಬಾಗಿಲಿಗೆ ಕೀಲಿ ಜಡಿದು, ನೆಟ್ಟಗೆ ಕಾಳಿನ ಪೇಟೆಗೆ ಹೋದೆ.

ಆಕೆ ಕಡಲೆ ರಾಶಿಯ ಮುಂದೆ ಕುಳಿತು ಮೊರದಲ್ಲಿ ಕೇರುತ್ತಿದ್ದಳು. ನನ್ನನ್ನು ಕಂಡು ಎದ್ದೇಳಲಿಲ್ಲ, ಮೊರವನ್ನೂ ನಿಲ್ಲಿಸಲಿಲ್ಲ. ನಾನೂ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತೆ. ಅಷ್ಟು ದಿನ ಬರುತ್ತಿದ್ದಿರಲ್ಲ, ಒಂದು ದಿನವೂ ಪುಸ್ತಕದಲ್ಲಿ ಹೆಬ್ಬೆಟ್ಟು ಯಾಕೆ ಒತ್ತಲಿಲ್ಲ ಎಂದು ಕೇಳಿದೆ. ಆಕೆ ನನ್ನನ್ನು ತಲೆ ಕೆಟ್ಟವಳನ್ನು ನೋಡುವ ಹಾಗೆ ನೋಡಿದಳು.

“ಅಲ್ರಿ ಅಕ್ಕೋರ, ಓದಿದವ್ರು ಸಹಿ ಮಾಡ್ತಾರ. ನಾವೇನ್ ಓದೀವಿ? ಬರೇ ಕುಂತು ಕೇಳೀವಿ. ಓದಲಾರದ ಓದೀನಿ ಅಂತ ಹೆಬ್ಬೆಟ್ಟು ಒತ್ತಿದ್ರ ಸುಳ್ಳ ಆಗೂದಿಲ್ಲನು?”

ಪಕ್ಕದ ರಾಶಿಯವರೂ ತಲೆಯಾಡಿಸಿದರು. ಆ ಕಡೆ ಹೆಬ್ಬೆಟ್ಟು ಎಂದರೆ ಹಗುರದ ವಿಷಯವಲ್ಲ. ಆಕೆಯ ಮಾವ ಒಮ್ಮೆ ಯಾರೋ ಹೇಳಿದರೆಂದು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದನಂತೆ. ಆಮೇಲೆ ನೋಡಿದರೆ ಅದು ಪಂಚಾಯಿತಿ ಚುನಾವಣೆಯ ನಾಮಪತ್ರ, ಆತ ಒಬ್ಬ ಅಭ್ಯರ್ಥಿಯ ಸೂಚಕ. ಎದುರಾಳಿ ಬೇರಾರೂ ಅಲ್ಲ, ಸ್ವಂತ ತಮ್ಮ. ಅಣ್ಣತಮ್ಮಂದಿರು ಎರಡು ವರ್ಷ ಮಾತು ಬಿಟ್ಟಿದ್ದರಂತೆ. ಅಂದಿನಿಂದ ಆ ಮನೆಯಲ್ಲಿ, ಮಾಡಿದ್ದಕ್ಕೆ ಮಾತ್ರ ಹೆಬ್ಬೆಟ್ಟು, ಮಾಡದ್ದಕ್ಕೆ ಇಲ್ಲ. ಓಣಿಗೆ ಓಣಿಯೇ ಹಾಗೆ ನಡೆದುಕೊಂಡಿತ್ತು. ಹಸಿರು, ಕೆಂಪು, ನೀಲಿ, ಕಪ್ಪು ಪೆನ್ನು ಕೊಂಡವಳು ನಾನು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ರಾಶಿಯಿಂದ ಒಂದು ಹಿಡಿ ಕಡಲೆ ತಗೊಂಡು ಸುಮ್ಮನೆ ಕಲ್ಲು ಆರಿಸತೊಡಗಿದೆ. ನನ್ನ ಕೈ ಸರಿಯಿಲ್ಲ, ಕಲ್ಲು ಇಟ್ಟು ಕಡಲೆ ಎಸೆಯುತ್ತಿದ್ದೀನಿ ಎಂದು ಆಕೆ ಕಿತ್ತುಕೊಂಡಳು.

ವಾಚನಾಲಯ ಮುಚ್ಚುತ್ತದಂತೆ ಎಂದು ಹೇಳಿದಾಗ ಮಾತ್ರ ಆಕೆಯ ಮೊರ ನಿಂತಿತು. ಊರ ಆಚೆ ತುದಿಗೆ ಹೋಗಿ ಬರುವಷ್ಟರಲ್ಲಿ ಊಟದ ತಾಸು ಮುಗಿದಿರುತ್ತದೆ. ಅಂದರೆ ಆಕೆಗೆ ಪೇಪರ್ ಎಂಬುದು ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಓದುವವರಿಲ್ಲ, ರೇಡಿಯೊ ಇಲ್ಲ. ಆಕೆ ಒಂದೇ ಮಾತು ಕೇಳಿದಳು.

“ಹಂಗಾದ್ರ ಆ ರಾಣಿಗೆ ಗಂಡು ಹುಟ್ಟಿತೋ ಹೆಣ್ಣೋ, ನನಗ ಹೆಂಗ ಗೊತ್ತಾಗಬೇಕ್ರಿ?”

ನಾನು ಅಲ್ಲಿಂದ ಎದ್ದು ಬಂದು ಬೋರ್ಡು ಇಳಿಸಿದೆ. ಮೊಳೆ ಹಾಗೇ ಉಳಿಯಿತು, ಆಮೇಲೆ ಅದಕ್ಕೆ ಕ್ಯಾಲೆಂಡರ್ ನೇತುಹಾಕಿದೆ.

ಕಾಕಾನನ್ನು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. ಮನೆಗೆ ಹೋದರೆ ಅಂಗಳದಲ್ಲಿ ಕುಳಿತು ಎಮ್ಮೆಗೆ ಹಳೇ ಪೇಪರ್ ಓದಿ ಹೇಳುತ್ತಿದ್ದಾರೆ ಎಂದು ಅವರ ಹೆಂಡತಿ ದೂರು ಹೇಳಿದರು. ನಾನು ತಪ್ಪಾಯಿತು ಎಂದೆ. ಕಾಕಾ ಬಹಳ ಹೊತ್ತು ಕನ್ನಡಕ ಒರೆಸಿದರು. ಬಸ್ಸಿನಿಂದ ಎಷ್ಟೋ ಜನರನ್ನು ತಾನು ಇಳಿಸಿದ್ದೇನೆ, ತನ್ನನ್ನು ಯಾರೂ ಇಳಿಸಿರಲಿಲ್ಲ ಎಂದರು. ಕೊನೆಗೆ ಎರಡು ಷರತ್ತಿನ ಮೇಲೆ ಬರಲು ಒಪ್ಪಿದರು: ಮೇಜಿನ ಮೇಲೆ ಒಂದು ತಂಬಿಗೆ ನೀರು ಇರಬೇಕು, ಮತ್ತು ತಾನು ಓದುವಾಗ ಗ್ರಂಥಪಾಲಕಿ ಗದ್ದಲ ಮಾಡಬಾರದು.

ಹಾಜರಿ ಪುಸ್ತಕದಲ್ಲಿ ನಾನು ಸ್ಕೇಲ್ ಇಟ್ಟು ಒಂದು ಗೆರೆ ಎಳೆದೆ. ‘ಓದಿದವರು’ ಎಂಬ ಕಾಲಮ್ಮಿನ ಪಕ್ಕ ‘ಕೇಳಿದವರು’ ಎಂದು ಇನ್ನೊಂದು ಕಾಲಂ. ಈಗಲಾದರೂ ಒತ್ತುತ್ತಾರೆ ಎಂದುಕೊಂಡರೆ, ಮೊದಲ ದಿನ ಮತ್ತೆ ಅನುಮಾನ. ಬಂದೆವು, ಕುಳಿತೆವು, ಖರೆ. ನಡುವೆ ತೂಕಡಿಸಿದರೆ ಕೇಳಿದ ಹಾಗಾಯಿತೇ? ಅದನ್ನು ಪರಿಹರಿಸಿದವರು ಕಾಕಾ. ಬಾಗಿಲಲ್ಲಿ ನಿಂತು ಹೊರಗೆ ಹೋಗುವ ಒಬ್ಬೊಬ್ಬರನ್ನೂ ತಡೆದು, ಏನು ಕೇಳಿದಿ, ಒಂದು ಸುದ್ದಿ ಹೇಳು ಎನ್ನುವರು. ಹೇಳಿದರೆ ಹೆಬ್ಬೆಟ್ಟು. ಹೇಳದಿದ್ದರೆ ಟಿಕೆಟ್ಟಿಲ್ಲದ ಪ್ರಯಾಣಿಕರನ್ನು ನೋಡುವ ಹಾಗೆ ಒಂದು ನೋಟ. ಅವರು ಹೇಳಿದ್ದನ್ನು ನಾನು ಹೆಬ್ಬೆಟ್ಟಿನ ಎದುರು ಬರೆದುಕೊಳ್ಳುತ್ತ ಹೋದೆ. ‘ದಾಳಿಂಬೆಗೆ ಚುಕ್ಕೆ ರೋಗ ಬಂದದ್ದು.’ ‘ಮಂತ್ರಿ ಬರುತ್ತೇನೆಂದು ಬರದಿದ್ದದ್ದು.’ ‘ಸಮುದ್ರದಲ್ಲಿ ಹಡಗಿಗೆ ಬೆಂಕಿ.’ ಎರಡು ತಿಂಗಳಲ್ಲಿ ನಾನು ಓದಿದ ಅತ್ಯಂತ ಸ್ವಾರಸ್ಯದ ಪುಸ್ತಕ ಅದೇ ಆಯಿತು.

ಹೊಸ್ತಿಲ ಮೇಲಿನವಳು ಮೊದಲ ಸಲ ಹೆಬ್ಬೆಟ್ಟು ಒತ್ತುವ ಮುಂಚೆ, ಅಲ್ಲಿ ಬರೆದದ್ದನ್ನು ಮೂರು ಜನರಿಂದ ಬೇರೆ ಬೇರೆಯಾಗಿ ಓದಿಸಿ ತಾಳೆ ನೋಡಿದಳು. ಮೂವರೂ ‘ಕೇಳಿದವರು’ ಎಂದೇ ಓದಿದ ಮೇಲೆ ಒತ್ತಿದಳು. ಒತ್ತಿ, ಶಾಯಿ ಒಣಗುವವರೆಗೆ ಅದನ್ನು ನೋಡುತ್ತ ನಿಂತಿದ್ದಳು.

ಮೂರು ತಿಂಗಳು ತುಂಬಿದ ದಿನ ಮೇಲಿನ ಕಚೇರಿಯ ಸಾಹೇಬರು ಬಂದರು. ಬೆಳಗಿನ ಮೊದಲ ಬಸ್ಸಿಗೆ ಹೊರಟವರು. ಧೂಳು ಮೆತ್ತಿದ ಮುಖ, ಕಂಕುಳಲ್ಲಿ ಫೈಲು. ಅಲಮಾರು ನೋಡಿದರು, ರಸೀದಿ ನೋಡಿದರು, ಕೊನೆಗೆ ಹಾಜರಿ ಪುಸ್ತಕ ತೆರೆದರು. ಹೊಸ ಕಾಲಮ್ಮಿನ ಮೇಲೆ ಬೆರಳಿಟ್ಟು, ಇದು ಯಾವ ನಮೂನೆಯಲ್ಲಿದೆ ಎಂದು ಕೇಳಿದರು. ಯಾವ ನಮೂನೆಯಲ್ಲೂ ಇಲ್ಲ, ನಾನೇ ಎಳೆದೆ ಎಂದೆ. ಕೇಳಿದವರು ಓದುಗರ ಲೆಕ್ಕಕ್ಕೆ ಬರುವುದಿಲ್ಲಮ್ಮ, ಉಳಿದದ್ದು ಮತ್ತೆ ಏಳೆಂಟೇ ಸಹಿ, ನಾನೇನು ಮಾಡಲಿ ಎಂದು ಅವರು ಪೆನ್ನು ತೆಗೆದರು. ಕೆಟ್ಟ ಮನುಷ್ಯರಲ್ಲ. ಅವರ ದನಿಯಲ್ಲಿ ನಿಜವಾಗಿ ಬೇಸರವಿತ್ತು, ಅದರಿಂದ ನನಗೆ ಇನ್ನೂ ಹೆದರಿಕೆಯಾಯಿತು.

ಅಷ್ಟರಲ್ಲಿ ಒಂದು ಗಂಟೆಯಾಯಿತು. ಚಪ್ಪಲಿಗಳು ಬಾಗಿಲಲ್ಲಿ ಬಿದ್ದವು, ಜನ ತುಂಬಿದರು. ಕಾಕಾ ಬಂದು, ಸಾಹೇಬರು ಕುಳಿತಿದ್ದುದು ತಮ್ಮ ಜಾಗವೆಂದು ನೋಡಿ, ಸ್ವಲ್ಪ ಸರೀರಿ ಎಂದು ಸರಿಸಿ ಕುಳಿತರು. ಪೇಪರ್ ಬಿಡಿಸಿದರು. ಸಾಹೇಬರು ಅಂದು ಪೇಪರ್ ನೋಡಿರಲಿಲ್ಲ. ಹೋಗಬೇಕೆಂದು ಅರ್ಧ ಎದ್ದವರು ಮೊದಲ ತಲೆಬರಹ ಕೇಳಿ ಹಾಗೇ ಕುಳಿತರು. ನೌಕರರ ಸಂಬಳ ಪರಿಷ್ಕರಣೆಯ ಸುದ್ದಿ ಅದು. ಟಕ್ ಟಕ್. ಮುಂದಿನ ಸುದ್ದಿ. ಟಕ್ ಟಕ್. ಹೊಸ್ತಿಲ ಮೇಲಿನವಳು ಹೊರದೇಶದ ಪುಟ ಬಿಟ್ಟಿರಿ ಎಂದು ತಕರಾರು ತೆಗೆದಳು. ಕಾಕಾ ತಿರುಗಿ ಆ ಪುಟ ಹುಡುಕಿದರು. ಪೆನ್ನು ಸಾಹೇಬರ ಕೈಯಲ್ಲೇ ಇತ್ತು, ಅದರ ಮುಚ್ಚಳ ಯಾವಾಗ ಹಾಕಿದರೋ ನನಗೆ ಗೊತ್ತಾಗಲಿಲ್ಲ.

ಓದು ಮುಗಿದು ಜನ ಎದ್ದರು. ಕಾಕಾ ಎಂದಿನ ಹಾಗೆ ಬಾಗಿಲಲ್ಲಿ ನಿಂತರು. ಒಬ್ಬೊಬ್ಬರೂ ಒಂದೊಂದು ಸುದ್ದಿ ಹೇಳಿ, ಹೆಬ್ಬೆಟ್ಟೊತ್ತಿ ಹೊರಟರು. ಸರದಿಯಲ್ಲಿ ಕೊನೆಗೆ ಸಾಹೇಬರು. ನಾನು ಕಣ್ಣಲ್ಲೇ ಕಾಕಾಗೆ ಬೇಡ ಬೇಡ ಎಂದು ಸನ್ನೆ ಮಾಡಿದೆ. ಕಂಡಕ್ಟರ್ ಎದುರು ಸಾಹೇಬರೇನು, ಸಾಮಾನ್ಯರೇನು.

“ಏನ್ ಕೇಳಿದ್ರಿ ಸಾಹೇಬ್ರ, ಒಂದ್ ಸುದ್ದಿ ಹೇಳ್ರಿ.”

ಸಾಹೇಬರು ತಬ್ಬಿಬ್ಬಾದರು. ನನ್ನ ಮುಖ ನೋಡಿದರು, ಹೊಸ್ತಿಲ ಮೇಲಿನವಳ ಮುಖ ನೋಡಿದರು. ಪೇಟೆಗೆ ಹೊತ್ತಾಗಿದ್ದರೂ ಆಕೆ ಹೋಗಿರಲಿಲ್ಲ. ಕೊನೆಗೆ ಗಂಟಲು ಸರಿಪಡಿಸಿಕೊಂಡು, ಸಂಬಳ ಪರಿಷ್ಕರಣೆಗೆ ಸಮಿತಿ ರಚಿಸಿದ್ದು ಎಂದರು. ಸರಿ ಎಂದು ಕಾಕಾ ತಲೆಯಾಡಿಸಿ ಪುಸ್ತಕ ಮುಂದಕ್ಕೆ ಹಿಡಿದರು. ಸಾಹೇಬರು ಒಂದು ಗಳಿಗೆ ಎರಡು ಕಾಲಮ್ಮುಗಳನ್ನೂ ನೋಡಿದರು. ಆಮೇಲೆ ‘ಕೇಳಿದವರು’ ಎಂಬುದರ ಕೆಳಗೆ, ಇಪ್ಪತ್ತಮೂರು ಹೆಬ್ಬೆಟ್ಟುಗಳ ಕೆಳಗೆ, ತಮ್ಮ ಕಚೇರಿಯ ಪೂರ್ತಿ ಸಹಿ ಮಾಡಿದರು.

ವಾಚನಾಲಯ ಮುಚ್ಚಲಿಲ್ಲ. ತಾವೇ ಸಹಿ ಮಾಡಿದ ಲೆಕ್ಕವನ್ನು ಇಲ್ಲವೆನ್ನುವುದು ಅವರಿಗೆ ಕಷ್ಟವಾಗಿರಬೇಕು. ನಾನು ಅಂದು ಓಣಿಗೆಲ್ಲ ಮಂಡಕ್ಕಿ ಮಿರ್ಚಿ ತರಿಸಿದೆ. ಕಾಕಾ ಮಿರ್ಚಿ ತಿಂದು ಗಂಟಲು ಕೆಡಿಸಿಕೊಂಡು ಮರುದಿನ ಹೊರದೇಶದ ಪುಟ ಹಾರಿಸಿದರು, ಆ ಬೈಗುಳ ನನ್ನ ಪಾಲಿಗೂ ಬಂತು.

ಆಮೇಲೆ ಯಲಬುರ್ಗಾಕ್ಕೆ ವರ್ಗವಾಯಿತು, ಗಂಗಾವತಿಗೆ ಆಯಿತು, ಕೊನೆಗೆ ಕೊಪ್ಪಳದಲ್ಲಿ ನಾನೇ ಹತ್ತಾರು ವಾಚನಾಲಯಗಳನ್ನು ನೋಡಿಕೊಳ್ಳುವ ಕುರ್ಚಿಯಲ್ಲಿ ಕುಳಿತೆ. ಕಂಪ್ಯೂಟರ್ ಬಂತು, ಬಾರ್‌ಕೋಡ್ ಬಂತು. ಕೇಳಿದವರ ಕಾಲಮ್ಮನ್ನು ಎಲ್ಲ ಕಡೆಯ ನಮೂನೆಗೆ ಸೇರಿಸಿ ಎಂದು ನಾನು ಕಳಿಸಿದ ಪ್ರಸ್ತಾವನೆ ಮೇಲೆ ಹೋಗಿ, ‘ಪರಿಶೀಲಿಸಲಾಗುವುದು’ ಎಂಬ ಷರಾ ಹೊತ್ತು ಕೆಳಗೆ ಬಂತು. ಮೂರು ಸಲ ಹೋಯಿತು, ಮೂರು ಸಲ ಬಂತು. ಅದಕ್ಕೇ ನಾನು ಹೋದಲ್ಲೆಲ್ಲ ಕೈಚೀಲದಲ್ಲಿ ಒಂದು ಸ್ಕೇಲ್ ಇಟ್ಟುಕೊಂಡು ಹೋಗುತ್ತಿದ್ದೆ. ನನ್ನ ಕೈಕೆಳಗಿನವರು ಬೆನ್ನ ಹಿಂದೆ ನನ್ನನ್ನು ಸ್ಕೇಲ್ ಮೇಡಂ ಎನ್ನುತ್ತಿದ್ದರು. ಹೊಡೆಯಲಿಕ್ಕೆ ಎಂದು ಹೊಸಬರು ತಿಳಿದುಕೊಂಡರೂ ನಾನು ತಿದ್ದುತ್ತಿರಲಿಲ್ಲ, ಅದರಿಂದ ಸ್ವಲ್ಪ ಅನುಕೂಲವೇ ಇತ್ತು.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂಡಲಾಗದೆ ‘ಮಾಹಿತಿ ಸಲಹೆಗಾರ್ತಿ’ ಎಂದು ಒಂದು ಕಾರ್ಡು ಮಾಡಿಸಿದೆ. ಅಳವಂಡಿಗೆ ಹೋದಾಗ ಅಣ್ಣ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅಂದರೆ ಏನು ಮಾಡುತ್ತೀ ಎಂದು ಕೇಳಿದ. ಯಾವ ಕಾಗದ ಎಲ್ಲಿದೆ, ಯಾವುದನ್ನು ಎಲ್ಲಿ ಹುಡುಕಬೇಕು ಎಂದು ಜನರಿಗೆ ಹೇಳುತ್ತೇನೆ ಎಂದೆ. ಅವ್ವ ಅದನ್ನು ಜೀವನವಿಡೀ ಪುಕ್ಕಟೆ ಮಾಡಿದಳಲ್ಲ ಎಂದ. ಮಾತು ಖರೆ. ಗಂಗಾವತಿಯ ಒಂದು ಅಕ್ಕಿ ಗಿರಣಿಯವರು ಮೂರು ತಲೆಮಾರಿನ ಕಾಗದಗಳನ್ನು ಗೋಣಿಚೀಲದಲ್ಲಿ ತುಂಬಿಟ್ಟಿದ್ದರು, ಅವನ್ನು ಕಂಪ್ಯೂಟರಿಗೆ ಹಾಕಿಸಿಕೊಡಿ ಎಂದು ಕರೆದರು. ನಾನು ಮೊದಲ ಎರಡು ದಿನ ಚೀಲ ಮುಟ್ಟಲಿಲ್ಲ. ಅಲ್ಲಿಯ ಮುದಿ ಗುಮಾಸ್ತರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದ್ದನ್ನು ಸುಮ್ಮನೆ ಕೇಳುತ್ತ ಕುಳಿತೆ. ಮಾಲೀಕರಿಗೆ ನಾನು ಮೈಗಳ್ಳಿ ಎನಿಸಿತು. ಮೂರನೆಯ ದಿನ ಯಾವ ಚೀಲದಲ್ಲಿ ಏನಿದೆ ಎಂದು ಬಿಚ್ಚದೆಯೇ ಚೀಟಿ ಹಚ್ಚಿದೆ.

ಕಾಕಾ ತೀರಿಕೊಂಡ ಸುದ್ದಿ ನನಗೆ ಕೊಪ್ಪಳದಲ್ಲಿದ್ದಾಗ ಬಂದಿತ್ತು. ಮೀಟಿಂಗಿನ ನಡುವೆ ಎದ್ದು ಹೊರಗೆ ಹೋಗಿ ಅತ್ತು ಬಂದೆ. ಆ ವಾಚನಾಲಯದ ಕಡೆ ಹೋಗಲು ಆಮೇಲೆ ಮನಸ್ಸಾಗಲಿಲ್ಲ.

ಹೋದ ವರ್ಷ ನನ್ನ ಕಣ್ಣಿನ ಪೊರೆ ತೆಗೆದರು. ಹದಿನೈದು ದಿನ ಓದುವುದು ಬೇಡ, ಮೊಬೈಲೂ ಬೇಡ ಎಂದು ಡಾಕ್ಟರು ಹೇಳಿದಾಗ ನಾನು, ಉಸಿರಾದರೂ ಆಡಬಹುದೇ ಎಂದು ಕೇಳಿದೆ. ಆರೈಕೆಗೆಂದು ತಂಗಿಯ ಮನೆಗೆ, ಕುಷ್ಟಗಿಗೆ ಬಂದೆ. ಕಪ್ಪು ಕನ್ನಡಕ ಹಾಕಿಕೊಂಡು ನಾಲ್ಕು ದಿನ ಗೋಡೆ ನೋಡಿದೆ. ಐದನೆಯ ದಿನ ತಂಗಿ ಬೈಯುತ್ತಿದ್ದರೂ ಕೇಳದೆ, ಧೂಳಿಗೆ ಸೆರಗು ಅಡ್ಡ ಹಿಡಿದು ಆ ಓಣಿಗೆ ನಡೆದೆ. ಬಾಗಿಲ ಮುಂದೆ ಚಪ್ಪಲಿ ಗುಡ್ಡೆ ಇತ್ತು. ಒಳಗಿನಿಂದ ಒಂದು ಹೆಣ್ಣುದನಿ ಕೇಳಿಸಿತು. ಒಂದೊಂದೇ ಅಕ್ಷರ ಕೂಡಿಸಿ, ಉದ್ದನೆಯ ಶಬ್ದ ಬಂದಾಗ ನಿಂತು, ದಮ್ಮು ತಗೊಂಡು ಮುಂದಕ್ಕೆ ಹೋಗುತ್ತಿತ್ತು. ಸುದ್ದಿ ಮುಗಿದಾಗ ಮೇಜಿನ ಮೇಲೆ ಟಕ್ ಟಕ್.

ಕಾಕಾನ ಜಾಗದಲ್ಲಿ ಹೊಸ್ತಿಲ ಮೇಲಿನವಳು ಕುಳಿತಿದ್ದಳು. ತಲೆಯೆಲ್ಲ ಬೆಳ್ಳಗಾಗಿತ್ತು. ಈಗಿನ ಗ್ರಂಥಪಾಲಕಿ ಹುಡುಗಿ ನನ್ನನ್ನು ಗುರುತಿಸದೆ ಬೆಂಚು ತೋರಿಸಿ, ಆಕೆಯ ಕಥೆ ಪಿಸುಗುಟ್ಟಿದಳು. ಕಾಕಾ ಹೊರದೇಶದ ಪುಟ ಹಾರಿಸುವುದನ್ನು ಹಿಡಿಯಬೇಕೆಂದೇ ಆಕೆ ಮೊಮ್ಮಗಳ ಪುಸ್ತಕದಿಂದ ಅಕ್ಷರ ಕಲಿತಿದ್ದಳಂತೆ. ಕಲಿತು ನೋಡಿದರೆ ಅವರು ಹಾರಿಸಿದ್ದು ನಿಜವಾಗಿತ್ತಂತೆ. ಅವರು ಹೋದ ಮೇಲೆ ಓದಲು ಯಾರೂ ಇರಲಿಲ್ಲ, ತಾನೇ ಕುಳಿತುಬಿಟ್ಟಳಂತೆ. ಈಗ ಮೊದಲು ಓದುವುದೇ ಹೊರದೇಶದ ಪುಟ.

ನಾನು ಕಣ್ಣು ಮುಚ್ಚಿದೆ. ಆಕೆ ಯಾವುದೋ ದೇಶದ ಚುನಾವಣೆಯನ್ನು ಅಕ್ಷರ ಅಕ್ಷರವಾಗಿ ಗೆಲ್ಲಿಸುತ್ತಿದ್ದಳು. ನನಗೆ ಕಾಕಾನ ಕನ್ನಡಕ ನೆನಪಾಯಿತು, ಸರೀರಿ ಎಂದು ಸಾಹೇಬರನ್ನು ಸರಿಸಿದ್ದು ನೆನಪಾಯಿತು, ಹಸಿರು ಪೆನ್ನು ನೆನಪಾಯಿತು. ಕಪ್ಪು ಕನ್ನಡಕದ ಒಳಗೆ ಕಣ್ಣು ತುಂಬಿತು. ನೀರು ತಾಗಬಾರದೆಂದು ಡಾಕ್ಟರು ಹೇಳಿದ್ದರು, ಒಳಗಿನಿಂದ ಬಂದದ್ದಕ್ಕೆ ನಾನೇನು ಮಾಡಲಿ.

ಓದು ಮುಗಿದು ಜನ ಎದ್ದರು. ಆಕೆ ಬಾಗಿಲಲ್ಲಿ ನಿಂತಳು. ನನ್ನ ಸರದಿ ಬಂದಾಗ ಹತ್ತಿರ ಬಂದು ಮುಖ ನೋಡಿದಳು, ಕೈ ಹಿಡಿದುಕೊಂಡಳು. ಗುರುತು ಹತ್ತಿತ್ತು. ಕೈ ಬಿಡಲಿಲ್ಲ, ರಿವಾಜೂ ಬಿಡಲಿಲ್ಲ.

“ಏನ್ ಕೇಳಿದ್ರಿ ಅಕ್ಕೋರ, ಒಂದ್ ಸುದ್ದಿ ಹೇಳ್ರಿ.”

ನಾನು ಬಾಯಿ ತೆರೆದೆ. ಯಾವ ದೇಶವೋ, ಯಾರು ಗೆದ್ದರೋ, ಒಂದೂ ನೆನಪಿಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಯಾರೋ ನನ್ನ ಹಾಗೆಯೇ ಸ್ಕೇಲ್ ಇಟ್ಟು ಎಳೆದ ಗೆರೆ ನನ್ನ ಎದುರೇ ಇತ್ತು. ಪೆನ್ನು ನನ್ನ ಕೈಯಲ್ಲಿತ್ತು. ನಾನು ಅದನ್ನು ಕೆಳಗಿಟ್ಟು, ಕೇಳಲಿಲ್ಲ ಅಕ್ಕಾ, ಕಾಕಾನ ನೆನಪಾಗಿತ್ತು ಎಂದೆ.

“ಮತ್ತ ಹೆಂಗ ಸಹಿ ಮಾಡ್ತೀರಿ? ಕುಂದರ್ರಿ, ಇನ್ನೊಮ್ಮಿ ಓದ್ತೀನಿ.”

ಆಕೆ ತಿರುಗಿ ಹೋಗಿ ಬೆಂಚಿನ ತುದಿಗೆ ಕುಳಿತು, ತಂಬಿಗೆಯಿಂದ ಒಂದು ಗುಟುಕು ನೀರು ಕುಡಿದು, ನನ್ನೊಬ್ಬಳಿಗಾಗಿ ಪೇಪರ್ ಬಿಡಿಸಿದಳು. ನಾನು ಹೊಸ್ತಿಲ ಮೇಲೆ ಕುಳಿತುಕೊಂಡೆ. ಈ ಸಲ ಒಂದು ಅಕ್ಷರವನ್ನೂ ಬಿಡದ ಹಾಗೆ, ಬಾಯಿ ಮುಚ್ಚಿಕೊಂಡು ಕೇಳಿದೆ.